ಕೊಸರಿಗೆ ಬಂದ ರೈಲು

ವ್ಯಾಪಾರ ಕುದುರಿದ ಮೇಲೆ ಕೊಸರು ಕೇಳದೆ ಎದ್ದು ಬರುವವನಿಗೆ ನಾನು ಹೆಣ್ಣು ಕೊಡುವುದಿಲ್ಲ. ನನಗೆ ಹೆಣ್ಣುಮಕ್ಕಳಿಲ್ಲ, ಅದು ಬೇರೆ ಮಾತು. ಸೊಪ್ಪು ಕೊಂಡರೆ ಮೇಲೊಂದು ಎಸಳು ಕರಿಬೇವು, ಪಂಪ್‌ಸೆಟ್ ಕೊಂಡರೆ ಮೇಲೊಂದು ತುಂಡು ಪೈಪು. ಕೊಟ್ಟವನಿಗೆ ಹೋಯಿತು ಅನ್ನಿಸಬಾರದು, ತೆಗೆದುಕೊಂಡವನಿಗೆ ಗೆದ್ದೆ ಅನ್ನಿಸಬೇಕು, ಅದು ಸರಿಯಾದ ಕೊಸರು. ಸೈಕಲ್ಲಿನ ಹಿಂದೆ ಡಬ್ಬ ಕಟ್ಟಿಕೊಂಡು ಮಗ್ಗೆಯಿಂದ ಹೆತ್ತೂರಿನವರೆಗೆ ಸ್ಪ್ರೇಯರಿನ ವಾಷರು ಮಾರುತ್ತಿದ್ದ ನಾನು, ಇವತ್ತು ಆಲೂರಿನಲ್ಲಿ ಹಳೆಯ ಎಸ್ಟೇಟ್ ಯಂತ್ರಗಳನ್ನು ಕೊಂಡು, ರಿಪೇರಿ ಮಾಡಿ, ಮಾರುವ ಅಂಗಡಿ ಇಟ್ಟಿದ್ದೇನೆ. ಕೊಸರಾಗಿ ಬಂದ ಸಣ್ಣಪುಟ್ಟ ಸಾಮಾನಿನಿಂದಲೇ ಅಂಗಡಿಯ ಅರ್ಧ ಗೋಡೆ ತುಂಬಿದೆ.

ದಕ್ಕದ ಕೊಸರೂ ಒಂದಿದೆ.

ಬಿಸಿಲೆ ಕಡೆಯ ಒಂದು ಬಂಗಲೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೆಯ ಪಲ್ಪರ್ ಕೊಂಡಿದ್ದೆ. ಅದನ್ನು ಲಾರಿಗೆ ಏರಿಸಿದ ಮೇಲೆ, ರೂಢಿಯಂತೆ, "ಏನೂ ಕೊಸರಿಲ್ವಾ ಸ್ವಾಮಿ?" ಎಂದು ತಲೆ ಕೆರೆದುಕೊಂಡು ನಿಂತೆ. ಬಂಗಲೆಯ ಯಜಮಾನರು ಅಟ್ಟದ ಕಡೆ ಕೈ ತೋರಿಸಿದರು. "ಅಲ್ಲೊಂದು ಪೆಟ್ಗೆ ಐತೆ, ತಗೊಂಡ್ ಹೋಗು. ಆದ್ರೆ ವಾಪಸ್ ತರಂಗಿಲ್ಲ, ಈಗ್ಲೇ ಹೇಳ್ಬುಟ್ಟಿದೀನಿ." ಕೊಡುವವನೇ ಮೇಲೆ ಬಿದ್ದು ಷರತ್ತು ಹಾಕಿದರೆ ಅಲ್ಲೇ ಪೆಟ್ಟಿಗೆ ಬಿಚ್ಚಿ ನೋಡಬೇಕು. ನಾನು ನೋಡಲಿಲ್ಲ. ನೀವು ನೋಡಿ.

ಒಳಗಿದ್ದದ್ದು ರೈಲು. ಅಂಗೈ ಮೇಲೆ ಕೂರುವಷ್ಟು ಚಿಕ್ಕ ಇಂಜಿನ್ನು ಎರಡು, ಪ್ರಯಾಣಿಕರ ಬೋಗಿ ಕೆಲವು, ಮೇಲ್ಭಾಗ ತೆರೆದ ಗೂಡ್ಸ್ ಡಬ್ಬಿಗಳು, ಒಂದು ರಾಶಿ ಹಳಿ, ಹಳಿಗೆ ಕರೆಂಟು ಕೊಡುವ ಡಬ್ಬ. ಆಟದ ಸಾಮಾನು ಅನ್ನಲಾರಿರಿ. ಇಂಜಿನ್ನಿನ ಮೆಟ್ಟಿಲು, ಕಿಟಕಿಯ ಸರಳು ಎಲ್ಲ ನಿಜದ್ದರಂತೆಯೇ ಇತ್ತು. ನನ್ನ ಅಂಗಡಿಗೆ ಅದರಿಂದ ಏನೂ ಉಪಯೋಗವಿರಲಿಲ್ಲ. ಅದೇ ವಾರ ಹೆತ್ತೂರು ಹೋಬಳಿಯ ನನ್ನ ಭಾವ, ಅಂದರೆ ಅಕ್ಕನ ಗಂಡ, ನನ್ನಲ್ಲಿ ಒಂದು ಮೋಟರು ಕೊಂಡು ಕೊಸರು ಕೇಳಿದರು. ಪೆಟ್ಟಿಗೆಯನ್ನು ಅವರಿಗೆ ದಾಟಿಸಿದೆ. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೆ.

ಭಾವ ಕಡಿಮೆ ಮಾತಿನ ಮನುಷ್ಯ. ಕಾಫಿ ತೋಟ ಇದೆ, ಅದನ್ನು ನಡೆಸುವವಳು ಅಕ್ಕ. ಭಾವನಿಗೆ ಇದ್ದ ಒಂದೇ ಚಟ ರೈಲು ನೋಡುವುದು. ಗೊಬ್ಬರ ತರಲು ಸಕಲೇಶಪುರಕ್ಕೆ ಹೋದರೆ, ಘಾಟಿ ಹತ್ತಿ ಬರುವ ಗೂಡ್ಸ್ ಗಾಡಿ ಪೂರ್ತಿ ದಾಟುವವರೆಗೆ ಗೇಟಿನ ಬಳಿ ನಿಂತು, ಆಮೇಲೆ ಗೊಬ್ಬರ ಮರೆತು ಬರುತ್ತಿದ್ದರು. ಅಂಥವರ ಕೈಗೆ ಆ ಪೆಟ್ಟಿಗೆ ಸಿಕ್ಕಿತು. ಮಳೆಗಾಲದಲ್ಲಿ ಕಾಫಿಯ ಸ್ಟೋರ್ ಖಾಲಿ ಇರುತ್ತದಲ್ಲ, ಅಲ್ಲಿ ಸಿಲ್ವರ್ ಓಕ್ ಹಲಗೆ ಜೋಡಿಸಿ ಮೊಣಕಾಲೆತ್ತರದ ಮೇಜು ಮಾಡಿ, ಗೋಣಿಚೀಲವನ್ನು ಸಿಮೆಂಟು ನೀರಿನಲ್ಲಿ ಅದ್ದಿ ಹೊದಿಸಿ, ಇಡೀ ಘಾಟಿಯನ್ನೇ ಎಬ್ಬಿಸಿಬಿಟ್ಟರು. ಗುಡ್ಡ, ಸುರಂಗ, ಸೇತುವೆ, ಪಾಚಿಯ ಕಾಡು. ಸ್ಟೋರಿನ ಅರ್ಧ ನೆಲ ಅದಕ್ಕೇ ಹೋಯಿತು.

ನೋಡಲು ಚೆಂದವೇ. ಓಡಲು ಮಾತ್ರ ಒಂದು ತಕರಾರು. ಒಂದು ಹಳಿ ಒಡೆದು ಎರಡಾಗುವ ಕವಲು ಇರುತ್ತದಲ್ಲ, ಪ್ರತಿಯೊಂದು ಕವಲಿನ ಮೇಲೂ ಇಂಜಿನ್ನು ನಿಂತುಬಿಡುತ್ತಿತ್ತು. ಭಾವ ತೋರುಬೆರಳಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳುತ್ತಿದ್ದರು. ಓಡುತ್ತಿತ್ತು. ಮುಂದಿನ ಕವಲಿನಲ್ಲಿ ಮತ್ತೆ ನಿಲ್ಲುತ್ತಿತ್ತು. ಭಾವ ಮೇಜಿನ ಸುತ್ತ ಅದರ ಜೊತೆಗೇ ನಡೆಯುತ್ತಿದ್ದರು.

"ನೀವ್ ರೈಲ್ ಓಡ್ಸ್ತಿಲ್ಲ ಕಣ್ರೀ, ಎಮ್ಮೆ ಮೇಯಿಸ್ತಿದೀರ," ಎಂದು ಅಕ್ಕ ಬಾಗಿಲಲ್ಲಿ ನಿಂತು ಹೇಳಿದಳಂತೆ. "ಆ ತೋರ್‌ಬೆಳ್ಳಿಗೊಂದು ಡ್ರೈವಿಂಗ್ ಲೈಸನ್ಸ್ ಮಾಡ್ಸಿ."

ಅಲ್ಲಿಗೆ ಮುಗಿದಿದ್ದರೆ ಸರಿಯಿರುತ್ತಿತ್ತು. ಮಳೆ ಹಿಂದಾಯಿತು, ಕಾಫಿ ಹಣ್ಣಿಗೆ ಬಣ್ಣ ಬರತೊಡಗಿತು, ಕುಯ್ಲು ಹತ್ತಿರ ಬಂತು. ಕುಯ್ಲು ಅಂದರೆ ಚೀಲ, ಚೀಲ ಅಂದರೆ ಸ್ಟೋರು. ಭಾವ ನನಗೆ ಫೋನು ಮಾಡಿದರು. ದನಿ ಮದುವೆ ಮನೆಯಲ್ಲಿ ಚಪ್ಪಲಿ ಕಳೆದುಕೊಂಡವರ ದನಿಯಂತಿತ್ತು.

"ಬಾಮೈದ, ನಿಮ್ಮಕ್ಕ ಎಲ್ಲಾ ಕಿತ್ತಾಕು ಅಂತವ್ಳೆ ಮಾರಾಯ."

"ಕಿತ್ತು ಬೇರೆ ಕಡೆ ಇಟ್ಕೊಳ್ಳಿ ಭಾವ."

"ಒಳಗೇ ಕಟ್ಟಿದ್ದು ಕಣೋ ಅದು. ಬಾಗ್ಲಲ್ಲಿ ಹೊರಗ್ ಬರಲ್ಲ. ಒಡೀಬೇಕು. ಒಡುದ್ರೆ ಇನ್ನೊಂದ್ ಸಲ ಕಟ್ಟೋ ಶಕ್ತಿ ನಂಗಿಲ್ಲ. ಇದೊಂದು ಉಳಿಸ್ಕೊಡು. ನಿನ್ನ ಬೇರೇನೂ ಕೇಳಿದೋನಲ್ಲ ನಾನು."

ಅದು ನಿಜ. ಭಾವ ನನ್ನಲ್ಲಿ ಏನೂ ಕೇಳಿದವರಲ್ಲ, ಮೋಟರಿನ ಮೇಲಿನ ಕೊಸರೊಂದನ್ನು ಬಿಟ್ಟರೆ. ಮರುದಿನವೇ ಹೋದೆ.

ಇಲ್ಲೊಂದು ಬುದ್ಧಿಮಾತು ಹೇಳಿಬಿಡುತ್ತೇನೆ. ಒಡಹುಟ್ಟಿದವರ ಹತ್ತಿರ ಚೌಕಾಸಿಗೆ ಕೂರುವುದಾದರೆ ಅವರ ಮನೆಯ ಊಟ ಮಾಡುವ ಮೊದಲು ಕೂರಿ. ಉಂಡ ಮೇಲೆ ಕೂತರೆ ಬಾಯಿ ಅವರ ಪರ ಮಾತಾಡುತ್ತದೆ. ನಾನು ಅಂದು ಕಡುಬು ಕಂಡು ಮೈಮರೆತು, ಉಂಡು, ಆಮೇಲೆ ಶುರು ಮಾಡಿದೆ.

"ಅಕ್ಕ, ಒಡ್ಸ್‌ಬ್ಯಾಡ. ಪಾಪ."

"ಪಾಪ ಅನ್ನೋನು ನಿನ್ನಂಗ್ಡೀಲಿ ಇಟ್ಕೋ. ತಂದ್ ಗಂಟಾಕ್ದೋನು ನೀನೇ ಅಲ್ವಾ? ಚೀಲ ಎಲ್ಲಿಡ್ಲಿ, ಸುರಂಗದೊಳಗಾ? ಓಡೋದಾದ್ರೂ ಓಡುತ್ತಾ? ತಳ್ಳೋ ರೈಲು! ಮೊನ್ನೆ ಪಕ್ಕದ್ ತೋಟದೋರು ಬಂದು ನೋಡಿ, 'ಇದ್ಯಾಕ್ರೀ ಯಜಮಾನ್ರು ಹಿಂಗೆ ತಿವೀತಾವ್ರೆ' ಅಂತ ಕೇಳ್ಬುಟ್ರು. ಮಾನ ಹೋಯ್ತು."

ನನಗೆ ಎಳೆ ಸಿಕ್ಕಿತು. ಎದುರಿನವರ ಸಿಟ್ಟು ಯಾವುದರ ಮೇಲೆ ಎಂದು ತಿಳಿದರೆ ಅರ್ಧ ವ್ಯಾಪಾರ ಆದಂತೆ. "ಹಂಗಾರೆ ತಳ್ದೆ ಓಡುದ್ರೆ?" ಎಂದೆ.

ಅಕ್ಕ ಯೋಚಿಸಿದಳು. "ನಾನೊಂದ್ ಲೋಟ ಕಾಫಿ ಕುಡ್ದು ಮುಗಿಸೋಗಂಟ ಓಡ್ಲಿ. ಯಾರ್ ಬೆಳ್ಳೂ ತಾಕ್‌ಬಾರ್ದು. ಓಡುದ್ರೆ ಇರ್ಲಿ, ಚೀಲಕ್ಕೆ ಬೇರೆ ಜಾಗ ನೋಡ್ತೀನಿ. ನಿಂತ್ರೆ ಅವತ್ತೇ ಗುದ್ದಲಿ."

ಒಂದು ಲೋಟ ಕಾಫಿ ಎಷ್ಟು ಹೊತ್ತಿನ ಮಾತು! ತಕ್ಷಣ ಒಪ್ಪಿಕೊಂಡೆ. ಹೊರಗೆ ಬಂದ ಮೇಲೆ ಭಾವ ಹಣೆ ಚಚ್ಚಿಕೊಂಡರು. "ನಿಮ್ಮಕ್ಕ ಕಾಫಿ ಕುಡಿಯೋದ್ ನೋಡಿದೀಯೇನೋ ನೀನು? ಬೆಳಗ್ಗೆ ಲೋಟ ಹಿಡ್ಕೊಂಡ್ ತೋಟಕ್ ಇಳುದ್ರೆ, ಕೆಲಸದೋರು ಬುತ್ತಿ ಬಿಚ್ಚೋವಾಗ ಮುಗಿಯುತ್ತೆ. ನಡುವೆ ಎಲ್ಡ್ ಸಲ ಬಿಸಿ ಮಾಡ್ಕೋತಾಳೆ." ನಾನು ಓಡಿಹೋಗಿ, ಮತ್ತೆ ಬಿಸಿ ಮಾಡುವ ಹಾಗಿಲ್ಲ ಎಂಬ ಒಂದು ತಿದ್ದುಪಡಿ ಸೇರಿಸಿ ಬಂದೆ. "ಆಗ್ಲಿ, ಆದ್ರೆ ಲೋಟ ನಂದು," ಎಂದಳು ಅಕ್ಕ.

ರಿಪೇರಿ ಶುರುವಾಯಿತು. ಯಂತ್ರ ನಿಂತರೆ ನನ್ನ ಅಂಗಡಿಯಲ್ಲಿ ಮೊದಲ ಮದ್ದು ಎಣ್ಣೆ. ಹಾಗೆಂದೆ. ಭಾವನ ಮುಖ ಅರಳಿತು. "ಎಣ್ಣೆಗೇನ್ ಕಮ್ಮಿ ಮಾಡಿಲ್ಲ ಕಣೋ ನಾನು."

ನಮ್ಮ ಕಡೆ ಮಳೆ ಹಿಡಿಯುವ ಮುಂಚೆ ಕಬ್ಬಿಣ ಅನ್ನುವುದಕ್ಕೆಲ್ಲ ಎಣ್ಣೆ ಹಚ್ಚುತ್ತೇವೆ. ಕತ್ತಿ, ಗರಗಸ, ಗೇಟಿನ ತಿರುಗಣೆ, ಪೆಟ್ಟಿಗೆಯ ಬೀಗ, ಕೊಡೆಯ ಕಡ್ಡಿ. ಹಚ್ಚದಿದ್ದರೆ ಬಿಸಿಲು ಬರುವಷ್ಟರಲ್ಲಿ ಕೆಂಪಗೆ ತುಕ್ಕು. ಅದೇ ಮನೆಯ ಪದ್ಧತಿಯಲ್ಲಿ ಭಾವ ಆ ಪುಟ್ಟ ಹಳಿಗಳಿಗೂ, ಇಂಜಿನ್ನಿನ ಚಕ್ರಗಳಿಗೂ ಬಟ್ಟೆಯಲ್ಲಿ ಎಣ್ಣೆ ಅದ್ದಿ ಒರೆಸಿದ್ದರು. ಹಳಿ ಮಿರಮಿರ ಮಿಂಚುತ್ತಿತ್ತು. "ಭೇಷ್," ಎಂದು ನಾನೂ ನಾಲ್ಕು ಹನಿ ಬಿಟ್ಟೆ.

ಆಮೇಲೆ ಇಂಜಿನ್ನು ಕವಲಿನಲ್ಲಷ್ಟೇ ಅಲ್ಲ, ಎಲ್ಲ ಕಡೆಯೂ ನಿಂತಿತು. ಏರಿನಲ್ಲಿ ಚಕ್ರ ಗಿರಗಿರ ತಿರುಗುತ್ತದೆ, ಗಾಡಿ ಹಿಂದಕ್ಕೆ ಜಾರುತ್ತದೆ. ಆಗ ನನಗೆ ಹೊಳೆಯಿತು. ಈ ಇಂಜಿನ್ನಿಗೆ ಡೀಸೆಲ್ಲಿಲ್ಲ. ಹಳಿಯಲ್ಲಿ ಹರಿಯುವ ಕರೆಂಟನ್ನು ಚಕ್ರ ತಾಕಿ ತಾಕಿ ಎತ್ತಿಕೊಳ್ಳಬೇಕು. ನಾವು ಕರೆಂಟು ಬರುವ ದಾರಿಗೆಲ್ಲ ರೇನ್‌ಕೋಟು ತೊಡಿಸಿ ಕೂತಿದ್ದೆವು.

ಮೆಡಿಕಲ್ ಶಾಪಿನಿಂದ ಸ್ಪಿರಿಟ್ ತಂದು, ಹಳೆಯ ಪಂಚೆ ಹರಿದು, ಇಬ್ಬರೂ ಮಂಡಿಯೂರಿ ಇಡೀ ಘಾಟಿಯ ಹಳಿ ಒರೆಸಿದೆವು. ಬಟ್ಟೆಗೆ ಬಂದ ಕಪ್ಪು ನೋಡಿದ್ದರೆ ಮಸಿ ಬಾಂಡಲಿ ತಿಕ್ಕಿದ್ದೀರಿ ಅನ್ನುತ್ತಿದ್ದಿರಿ. ಆಮೇಲೆ ಭಾವ ಇಂಜಿನ್ನನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಕಡ್ಡಿಗೆ ಹತ್ತಿ ಸುತ್ತಿ, ಒಂದೊಂದೇ ಚಕ್ರ ಒರೆಸತೊಡಗಿದರು. ಅಕ್ಕ ಬಂದು ನೋಡಿ ಸೊಂಟಕ್ಕೆ ಕೈ ಇಟ್ಟಳು.

"ನಮ್ಮಿಬ್ರು ಮಕ್ಳುನ್ನ ಸಾಕಿದ್ವಲ್ಲ, ಒಂದಿನಾನಾದ್ರೂ ಹಿಂಗೆ ಮೂಗ್ ಒರ್ಸಿದ್ ಕಾಣೆ."

"ಅವು ಅಲ್ಲಾಡ್ತಿದ್ವು," ಎಂದರು ಭಾವ, ತಲೆ ಎತ್ತದೆ.

ಈಗ ನೇರ ಹಳಿಯಲ್ಲಿ ಇಂಜಿನ್ನು ಚೆನ್ನಾಗಿ ಓಡಿತು. ಏರನ್ನೂ ಹತ್ತಿತು. ಕವಲಿಗೆ ಬಂತು, ನಿಂತಿತು. ಹೊಲಸೆಲ್ಲ ಹೋದ ಮೇಲೂ ಅದೇ ಜಾಗ. ಅಂಗಡಿಯಿಂದ ಮೀಟರು ತಂದು ಕವಲಿನ ಮೇಲೆ ಅಂಗುಲ ಅಂಗುಲವಾಗಿ ಹಿಡಿದು ನೋಡಿದೆ. ಎರಡು ಹಳಿಗಳು ಒಂದನ್ನೊಂದು ದಾಟುವ ನಡುಮಧ್ಯದಲ್ಲಿ ಮುಳ್ಳು ಕದಲಲೇ ಇಲ್ಲ. ಬಗ್ಗಿ ನೋಡಿದರೆ ಅಲ್ಲಿ ಇರುವುದು ಲೋಹವಲ್ಲ, ಕರಿ ಪ್ಲಾಸ್ಟಿಕ್ಕು. ಆ ಕಡೆಯ ಕರೆಂಟು ಈ ಕಡೆಯದ್ದಕ್ಕೆ ತಾಕಿ ಸುಟ್ಟುಹೋಗದಿರಲಿ ಎಂದು ಮಾಡಿದವರೇ ಹಾಗೆ ಇಟ್ಟಿದ್ದರು. ಉದ್ದದ ಇಂಜಿನ್ನಾದರೆ ಒಂದು ಚಕ್ರ ಪ್ಲಾಸ್ಟಿಕ್ಕಿನ ಮೇಲಿದ್ದರೂ ಇನ್ನೊಂದು ಹಳಿಯ ಮೇಲಿರುತ್ತದೆ. ನಮ್ಮದು ಗಿಡ್ಡ. ಸಾಲದ್ದಕ್ಕೆ ಅದರ ಹಿಂದಿನ ಚಕ್ರಗಳಿಗೆ, ಜಾರದಿರಲಿ ಎಂದು ರಬ್ಬರಿನ ಉಂಗುರ. ಅವುಗಳಿಂದ ಕರೆಂಟು ಬರುವುದೇ ಇಲ್ಲ. ಈ ದಡದ ಹಗ್ಗ ಬಿಟ್ಟಾಗಿದೆ, ಆ ದಡದ್ದು ಕೈಗೆ ಸಿಕ್ಕಿಲ್ಲ, ನಡು ಹೊಳೆಯಲ್ಲಿ ನಿಂತಿದೆ. ಅಷ್ಟೇ ಕಾಯಿಲೆ.

ಭಾವನಿಗೆ ಉಪಾಯ ಹೊಳೆಯಿತು. "ನಮ್ ಘಾಟೀಲಿ ಗೂಡ್ಸ್ ಹೆಂಗ್ ಹತ್ತುತ್ತೆ? ಹಿಂದ್ಗಡೆ ಇಂಜಿನ್ ಹಾಕಿ ತಳ್ಳಲ್ವಾ?" ಸುಬ್ರಹ್ಮಣ್ಯದ ಕಡೆಯಿಂದ ಮೇಲೆ ಬರುವ ಭಾರದ ಗಾಡಿಗೆ ಹಿಂದಿನಿಂದ ಇಂಜಿನ್ನು ಕೊಟ್ಟು ನೂಕುವುದನ್ನು ಅವರು ಗೇಟಿನ ಬಳಿ ನಿಂತು ಅದೆಷ್ಟು ಸಲ ನೋಡಿದ್ದರೋ. ಪೆಟ್ಟಿಗೆಯ ಎರಡನೇ ಇಂಜಿನ್ನನ್ನು ಸಾಲಿನ ಕೊನೆಗೆ ಸಿಕ್ಕಿಸಿದೆವು. ಮುಂದಿನದು ಕವಲಿನಲ್ಲಿ ನಿಂತಿತು. ಹಿಂದಿನದಕ್ಕೆ ಅದು ಗೊತ್ತಿಲ್ಲ. ಎಂಥ ನಿಷ್ಠೆಯಿಂದ ತಳ್ಳಿತೆಂದರೆ, ನಡುವಿನ ಬೋಗಿಗಳು ಒಂದಕ್ಕೊಂದು ಒತ್ತಿ, ಮೇಲೆದ್ದು, ಗೋಣಿಚೀಲದ ಕಣಿವೆಗೆ ಸಾಲಾಗಿ ಉರುಳಿದವು. ಭಾವ ಪಾಚಿಯೊಳಗಿಂದ ಒಂದೊಂದನ್ನೇ ಎತ್ತಿ, ಕಿಟಕಿಯೊಳಗೆ ಇಣುಕಿ ನೋಡಿದರು. ಯಾರಿಗಾದರೂ ಪೆಟ್ಟಾಗಿದೆಯೋ ಎನ್ನುವಂತೆ.

ಕೊನೆಗೆ ದಾರಿ ತೋರಿದ್ದು ನನ್ನ ಅಂಗಡಿ ವಿದ್ಯೆ. ಗಿರಾಕಿ ಕೇಳಿದ ಮಾಲು ನನ್ನಲ್ಲಿಲ್ಲದಿದ್ದರೆ ಇಲ್ಲ ಅನ್ನುತ್ತೇನೆಯೇ? ಕೂರಿಸಿ, ಟೀ ಕೊಟ್ಟು, ಹಿಂಬಾಗಿಲಿನಿಂದ ಪಕ್ಕದ ಅಂಗಡಿಯದ್ದು ತರಿಸಿ ಕೊಡುತ್ತೇನೆ. ಇಂಜಿನ್ನಿಗೆ ಸ್ವಂತ ಚಕ್ರದಿಂದ ಕರೆಂಟು ಸಿಗದ ಗಳಿಗೆಯಲ್ಲಿ ಅದರ ಹಿಂದಿನ ಡಬ್ಬಿ ತರಿಸಿಕೊಡಬಾರದೇಕೆ? ಒಂದು ಗೂಡ್ಸ್ ಡಬ್ಬಿಗೆ ಲೋಹದ ಚಕ್ರಗಳಿದ್ದವು. ಕೆಟ್ಟ ಟಾರ್ಚಿನೊಳಗಿನ ಹಿತ್ತಾಳೆ ಪಟ್ಟಿಯನ್ನು ಕೂದಲಿನಷ್ಟು ಸಣ್ಣಗೆ ಸೀಳಿ, ಆ ಚಕ್ರಗಳಿಗೆ ಸವರುವಂತೆ ಡಬ್ಬಿಯ ಅಡಿಗೆ ಅಂಟಿಸಿ, ಮೊಬೈಲ್ ಚಾರ್ಜರಿನ ಸಣ್ಣ ತಂತಿಯಿಂದ ಇಂಜಿನ್ನಿನ ಮೋಟರಿಗೆ ಜೋಡಿಸಬೇಕು.

ಹೇಳಿದಷ್ಟು ಸುಲಭವಲ್ಲ. ಪಟ್ಟಿ ಬಿಗಿಯಾದರೆ ಚಕ್ರ ಉರುಳದೆ ಎಳೆದುಕೊಂಡು ಹೋಗುತ್ತದೆ. ಸಡಿಲವಾದರೆ ತಾಕುವುದೇ ಇಲ್ಲ. ಹೊಸ ಅಳಿಯನೊಂದಿಗೆ ಮಾತಾಡಿದ ಹಾಗೆ, ತಾಕಬೇಕು, ಒತ್ತಬಾರದು. ಮೊದಲ ಸಲ ಎಡದ ತಂತಿಯನ್ನು ಬಲಕ್ಕೆ ಬೆಸೆದಿದ್ದೆ. ಸ್ವಿಚ್ಚು ಹಾಕಿದ್ದೇ ಕರೆಂಟಿನ ಡಬ್ಬ ಟಕ್ಕೆಂದು ಬಾಯಿ ಮುಚ್ಚಿತು, ಸುಟ್ಟ ವಾಸನೆ ಬಂತು. ಭಾವ ಎದೆ ಹಿಡಿದುಕೊಂಡು ಮೂಲೆಯ ಮೆಣಸಿನ ಮೂಟೆಯ ಮೇಲೆ ಕುಳಿತರು. ಬಿಡಿಸಿ, ಎಡಕ್ಕೆ ಎಡ, ಬಲಕ್ಕೆ ಬಲ ಮಾಡಿ, ಡಬ್ಬ ತಣ್ಣಗಾಗುವವರೆಗೆ ಕಾದು, ಮತ್ತೆ ಬಿಟ್ಟೆವು.

ಇಂಜಿನ್ನು ಕವಲಿಗೆ ಬಂತು. ಭಾವನ ಬೆರಳು ತಾನಾಗಿ ಮುಂದಕ್ಕೆ ಹೋಯಿತು. ಕೆಲಸವಿರಲಿಲ್ಲ. ಇಂಜಿನ್ನು ದಾಟಿಹೋಗಿತ್ತು. ಬೆರಳು ಗಾಳಿಯಲ್ಲಿ ಉಳಿಯಿತು.

ಪರೀಕ್ಷೆಯ ಬೆಳಿಗ್ಗೆ ಅಕ್ಕ ಲೋಟ ಹಿಡಿದು ಸ್ಟೋರಿಗೆ ಬಂದಳು. ಲೋಟವೇ ಅದು? ಹಬ್ಬಕ್ಕೆ ಪಾಯಸ ಬಡಿಸುವ ಪಾತ್ರೆಗೆ ಅದೊಂದು ತಮ್ಮನಂತಿತ್ತು. ರೇಟು ಬರಲಿ ಎಂದು ಮೂಲೆಯಲ್ಲಿ ಇಟ್ಟಿದ್ದ ಕರಿಮೆಣಸಿನ ಮೂಟೆಯ ಪಕ್ಕ ಕುಳಿತು, "ಬುಡಿ" ಎಂದಳು. ಭಾವ ಸ್ವಿಚ್ಚು ತಿರುಗಿಸಿ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು. ತಮ್ಮ ಬೆರಳನ್ನೇ ತಾವು ನಂಬದವರಂತೆ.

ರೈಲು ಹೊರಟಿತು. ಮೊದಲ ಕವಲು ದಾಟಿತು, ಸುರಂಗ ಹೊಕ್ಕಿತು, ಹೊರಬಂದಿತು. ಅಕ್ಕ ಊದಿ ಒಂದು ಗುಟುಕು ಕುಡಿದಳು. ರೈಲು ಇಡೀ ಘಾಟಿ ಸುತ್ತಿತು, ಮತ್ತೆ ಸುತ್ತಿತು. ಅಕ್ಕನ ಗುಟುಕುಗಳ ನಡುವಿನ ಬಿಡುವು ಉದ್ದವಾಗುತ್ತ ಬಂತು. ಮೊದಲು ಹಟಕ್ಕೆ ಅಂದುಕೊಂಡೆ. ಮುಖ ನೋಡಿದರೆ, ಅವಳ ಕಣ್ಣು ರೈಲಿನ ಹಿಂದೆ ಹೋಗಿಬಿಟ್ಟಿತ್ತು.

"ಅಕ್ಕ, ಕುಡಿ. ಆರೋಗುತ್ತೆ."

"ಆರ್ಲಿ ಬುಡು. ರೀ, ಈ ಗೂಡ್ಸ್ ಎಲ್ಲಿಗ್ ಹೋಗೋದು?"

"ಮಂಗ್ಳೂರಿಗೆ," ಎಂದರು ಭಾವ.

"ಏನ್ ತುಂಬ್ಕೊಂಡು?"

"ಏನಿಲ್ಲ. ಖಾಲಿ."

"ಖಾಲಿ ಯಾಕ್ ಕಳಿಸ್ತೀರಿ? ಬಾಡಿಗೆ ದಂಡ!"

ನಾನು ತಡೆಯುವಷ್ಟರಲ್ಲಿ ಅಕ್ಕ ಮೂಟೆಗೆ ಕೈ ಹಾಕಿ, ಒಂದು ಚಿಟಿಕೆ ಮೆಣಸು ತೆಗೆದು, ಎದುರು ದಾಟುತ್ತಿದ್ದ ತೆರೆದ ಡಬ್ಬಿಗೆ ಉದುರಿಸಿದಳು. ಹುಟ್ಟಿದಾಗಿನಿಂದ ತೋಟದಲ್ಲಿ ಬೆಳೆದವಳು. ಖಾಲಿ ಗಾಡಿ ಗೇಟು ದಾಟುವುದನ್ನು ನೋಡಿ ಸುಮ್ಮನಿರುವುದು ಅವಳಿಂದ ಆಗುವ ಕೆಲಸವಲ್ಲ. ಮುಂದಿನ ಸುತ್ತಿಗೆ ಇನ್ನೊಂದು ಚಿಟಿಕೆ. ಅದರಲ್ಲಿ ಒಂದು ಕಾಳು ಡಬ್ಬಿಯ ಅಂಚಿಗೆ ಬಡಿದು, ಹಾರಿ, ಉರುಳಿ, ಸೀದಾ ಕವಲಿನ ಸಂದಿಗೆ ಹೋಗಿ ಕೂತಿತು.

ಮೂವರೂ ನೋಡಿದೆವು. ಇಂಜಿನ್ನು ಬಂದು ಕಾಳಿನ ಮೇಲೆ ಮುಂಗಾಲಿಟ್ಟು, ತೊಡರಿ, ನಿಂತಿತು.

ಭಾವ ಕಣ್ಣು ಮುಚ್ಚಿದರು. ಆ ಕ್ಷಣದಲ್ಲಿ ಅಕ್ಕ "ಅಯ್ಯೋ, ನಿಂತೋಯ್ತು ಕಣ್ರೀ!" ಎಂದು ಎದ್ದು, ಉಗುರಿನಿಂದ ಕಾಳು ಚಿಮ್ಮಿ, ತೋರುಬೆರಳಿನಿಂದ ಇಂಜಿನ್ನನ್ನು ಮುಂದಕ್ಕೆ ತಳ್ಳಿದಳು. ರೈಲು ಓಡಿತು. ಅಕ್ಕನ ಬೆರಳು ಅಲ್ಲೇ ಇತ್ತು.

"ಅಕ್ಕ," ಎಂದೆ ನಾನು, "ಬೆಳ್ಳು ಯಾರ್ದು?"

"ನೊಣ ಕೂತಿತ್ತು, ಓಡಿಸ್ದೆ."

"ಸುಳ್ ಹೇಳ್ಬ್ಯಾಡ."

"ನಿಂತಿದ್ ನಿಂತಿದ್ದೇ ಕಣೋ! ರೈಲು ಅಂದ್ಮೇಲೆ ಲೋಡ್ ಹೊರ್ಬೇಕು."

"ಅದು ನಿಲ್ಲಲಿಲ್ಲ," ಎಂದರು ಭಾವ. ಮೆಲುಮಾತಿನ ಆ ಮನುಷ್ಯನ ದನಿ ಸ್ಟೋರಿನ ತಗಡಿಗೆ ತಾಕಿ ಗಣಗಣ ಎಂದಿತು. "ನೀನು ನಿಲ್ಸಿದ್ದು. ಒಡ್ಸೋದಾದ್ರೆ ಒಡ್ಸು. ಆದ್ರೆ ಅದು ನಿಲ್ತು ಅಂತ ಮಾತ್ರ ಅನ್ಬ್ಯಾಡ."

ಅಕ್ಕ ಗಂಡನ ಮುಖ ನೋಡಿದಳು. ನನಗೆ ಹೇಳಲು ಬೇಕಾದಷ್ಟು ವಾದಗಳಿದ್ದವು, ಒಂದನ್ನೂ ಆಡಲಿಲ್ಲ. ಚೌಕಾಸಿಯಲ್ಲಿ ಎದುರಿನವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಬಾಯಿ ಬಿಟ್ಟವನು ಸೋತ.

ಅಕ್ಕ ಲೋಟದೊಳಗೆ ಇಣುಕಿದಳು. ಅರ್ಧಕ್ಕಿಂತ ಹೆಚ್ಚು ಕಾಫಿ, ಕೆನೆಗಟ್ಟಿ, ತಣ್ಣಗೆ ಇತ್ತು. ಬಾಗಿಲಿಗೆ ಹೋಗಿ ಅದಷ್ಟನ್ನೂ ಹೊರಗಿನ ಗಿಡದ ಬುಡಕ್ಕೆ ಸುರಿದು ಬಂದಳು.

"ನಾನ್ ಕುಡ್ದು ಮುಗಿಸ್ಲೇ ಇಲ್ವಲ್ಲ. ಚೆಲ್ಬುಟ್ಟೆ. ಹಂಗಾಗಿ ಪಂದ್ಯನೇ ಆಗಿಲ್ಲ. ನೀವೂ ಗೆದ್ದಿಲ್ಲ, ನಾನೂ ಸೋತಿಲ್ಲ." ನನ್ನ ಕಡೆ ತಿರುಗಿದಳು. "ನಿನ್ನಂಗ್ಡೀಲಿ ಕಬ್ಬಿಣದ ಆಂಗಲ್ ಪಟ್ಟಿ ಬಿದ್ದೈತಲ್ಲ, ಈ ಮೇಜಿಗೆ ಉದ್ದುದ್ದ ಕಾಲ್ ಮಾಡ್ಕೊಂಡ್ ಬಾ. ಕೆಳಗೆ ಚೀಲ, ಮೇಲೆ ರೈಲು."

ಇಷ್ಟು ವರ್ಷ ಊರೂರು ತಿರುಗಿ ವ್ಯಾಪಾರ ಮಾಡಿದವನಿಗೆ ಇದು ಹೊಳೆಯಲಿಲ್ಲ. ಇಬ್ಬರಿಗೂ ಬೇಕಾಗಿದ್ದು ಒಂದೇ ನೆಲ, ಆದರೆ ಒಂದೇ ಎತ್ತರ ಅಲ್ಲ. ಜಗಳದ ಜಾಗವನ್ನು ಬರೇ ಉದ್ದಗಲದಲ್ಲಿ ಅಳೆಯಬೇಡಿ. ಇದು ನಾನು ಅಂದು ಕಲಿತ ಮಾತು, ನೀವು ಪುಕ್ಕಟೆ ತೆಗೆದುಕೊಳ್ಳಿ.

ಕಾಲಿನ ಎತ್ತರ ಎಷ್ಟಿರಬೇಕು ಎಂದು ಕೇಳಿದಾಗ ಅಕ್ಕ ಎದ್ದು ನಿಂತು ತನ್ನ ಎದೆಮಟ್ಟಕ್ಕೆ ಕೈ ಹಿಡಿದಳು. ನಾನು ಅಷ್ಟೇ ಕತ್ತರಿಸಿ, ಬೆಸೆದು, ಜಾಕಿ ಕೊಟ್ಟು ಎತ್ತಿ ನಿಲ್ಲಿಸಿದೆ. ನಮ್ಮ ಮನೆಯ ಹೆಂಗಸರು ಬಿದಿರಿನ ಗಳುವಿನಂತೆ ಬೆಳೆದವರು. ಭಾವ ಅಕ್ಕನ ಭುಜಕ್ಕೆ ಬರುತ್ತಾರೆ. ಯಾರಿಗೂ ಆ ಯೋಚನೆ ಬರಲಿಲ್ಲ.

ಕುಯ್ಲು ಜೋರಾಗಿದ್ದಾಗ ಒಮ್ಮೆ ಹೋಗಿದ್ದೆ. ಮೇಜಿನ ಅಡಿ ಚೀಲಗಳು ಒತ್ತೊತ್ತಾಗಿ ಪೇರಿಸಿದ್ದವು. ಕಾಫಿಯ ಧೂಳು ಹಳಿಯ ಮೇಲೂ ಕೂರುತ್ತದೆ; ಎಷ್ಟು ಒರೆಸಿದರೂ ಇಂಜಿನ್ನು ಆಗೀಗ ಆಚೆ ಮೂಲೆಯ ಕವಲಿನಲ್ಲಿ ನಿಲ್ಲುತ್ತದೆ. ಭಾವ ಸ್ಟೂಲಿನ ಮೇಲೆ ನಿಂತು ಸ್ವಿಚ್ಚು ತಿರುಗಿಸುತ್ತಿದ್ದರು. ಆ ಮೂಲೆಗೆ ಅವರ ಕೈ ತಲುಪುವುದಿಲ್ಲ.

"ಏಯ್, ನಿಂತೈತೆ ಬಾರೇ," ಎಂದು ಕೂಗಿದರು.

ಕಣದಲ್ಲಿ ಕೆಲಸದವರಿಗೆ ಜೋರು ಮಾಡುತ್ತಿದ್ದ ಅಕ್ಕ, "ಥೂ, ಈ ಮನೇಲಿ ಒಂದ್ ಕೆಲ್ಸನೂ ನಾನಿಲ್ದೆ ಆಗಲ್ಲ," ಎಂದು ಬೈದುಕೊಳ್ಳುತ್ತ ಬಂದು, ಸೆರಗಿಗೆ ಬೆರಳು ಒರೆಸಿಕೊಂಡು, ನಿಂತಲ್ಲಿಂದಲೇ ತಳ್ಳಿದಳು.